ಲೆಡ್ ಝೆಪೆಲಿನ್ (ಗೀತಸಂಪುಟ): ವಿಮರ್ಶೆ ಮತ್ತು ಭಿನ್ನಾಭಿಪ್ರಾಯಗಳು

'ಲೆಡ್ ಝೆಪೆಲಿನ್' ಅದೇ ಹೆಸರಿನ ಇಂಗ್ಲಿಷ್ ರಾಕ್ ವಾದ್ಯವೃಂದದ ಚೊಚ್ಚಲ ಗೀತಸಂಪುಟ. ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆಯು ಇದನ್ನು 1969ರ ಜನವರಿ 12ರಂದು ಅಮೆರಿಕದಲ್ಲಿಯೂ ಅದೇ ವರ್ಷದ ಮಾರ್ಚ್ ತಿಂಗಳ ಕೊನೆಯಲ್ಲಿ ಬ್ರಿಟನ್ನಿನಲ್ಲಿಯೂ ಬಿಡುಗಡೆ ಮಾಡಿತು. ಗಿಟಾರ್ ವಾದಕ ಜಿಮ್ಮಿ ಪೇಜ್, ಗಾಯಕ ರಾಬರ್ಟ್ ಪ್ಲಾಂಟ್, ಬಾಸ್ ಗಿಟಾರ್ ಹಾಗೂ ಕೀಬೋರ್ಡ್ ವಾದಕ ಜಾನ್ ಪಾಲ್ ಜೋನ್ಸ್ ಮತ್ತು ಡ್ರಮ್ ವಾದಕ ಜಾನ್ ಬಾನಮ್ ಈ ಸಂಪುಟದ ಕಲಾವಿದರು. ಇದರ ನಿರ್ಮಾಪಕರು ಪೇಜ್ ಅವರೇ.

ಇಂದು ಈ ಸಂಪುಟವು ರಾಕ್ ಸಂಗೀತದ ಪ್ರಮುಖ ಕೃತಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಆದರೆ ಇದರ ಕುರಿತ ಅಭಿಪ್ರಾಯಗಳು ಎಂದೂ ಒಂದೇ ತೆರನಾಗಿರಲಿಲ್ಲ. ಬಿಡುಗಡೆಯ ಕಾಲದ ವಿವಾದವು ಸಂಗೀತದ ಗುಣಮಟ್ಟಕ್ಕೆ ಸಂಬಂಧಿಸಿದ್ದಾಗಿತ್ತು: ಇದು ಹೊಸ ಸಂಗೀತವೇ, ಅಥವಾ ಬ್ಲೂಸ್ ಹಾಡುಗಳನ್ನು ಅತಿಯಾದ ಅಬ್ಬರದಿಂದ ನುಡಿಸಿದ್ದೇ? ಈ ಪ್ರಶ್ನೆಗೆ ಕಾಲಕ್ರಮದಲ್ಲಿ ಸಂಪುಟದ ಪರವಾದ ಉತ್ತರವೇ ಹೆಚ್ಚು ಬಲ ಪಡೆಯಿತು. ಅನಂತರ ಮುನ್ನೆಲೆಗೆ ಬಂದ ಎರಡನೆಯ ವಿವಾದವು ಕರ್ತೃತ್ವವನ್ನು ಕುರಿತದ್ದು: ಇದರಲ್ಲಿರುವ ಹಾಡುಗಳು ಯಾರವು? ಈ ಪ್ರಶ್ನೆಗೆ ದೊರೆತಿರುವ ಉತ್ತರ ಇಂದಿಗೂ ಭಾಗಶಃ ಮಾತ್ರ.

ಹಿನ್ನೆಲೆ

1960ರ ದಶಕದಲ್ಲಿ ಅಮೆರಿಕದ ಕರಿಯ ಜನಾಂಗದ ಬ್ಲೂಸ್ ಸಂಗೀತವು ಬ್ರಿಟನ್ನಿನ ಯುವ ಸಂಗೀತಗಾರರ ಮೇಲೆ ಗಾಢವಾದ ಪ್ರಭಾವ ಬೀರಿತು. ಅಲೆಕ್ಸಿಸ್ ಕಾರ್ನರ್, ಜಾನ್ ಮೇಯಲ್ ಮೊದಲಾದವರ ತಂಡಗಳು ಈ ಸಂಗೀತಕ್ಕೆ ಲಂಡನ್ನಿನಲ್ಲಿ ಕೇಳುಗರನ್ನು ಒದಗಿಸಿದವು. ದಿ ಯಾರ್ಡ್‌ಬರ್ಡ್ಸ್ ತಂಡದಲ್ಲಿ ಎರಿಕ್ ಕ್ಲಾಪ್ಟನ್, ಜೆಫ್ ಬೆಕ್ ಮತ್ತು ಜಿಮ್ಮಿ ಪೇಜ್ ಒಬ್ಬರಾದ ಮೇಲೊಬ್ಬರಂತೆ ಗಿಟಾರ್ ನುಡಿಸಿದರು. 1968ರ ಜುಲೈನಲ್ಲಿ ಆ ತಂಡವು ಒಡೆದುಹೋಯಿತು. ಒಪ್ಪಿಕೊಂಡಿದ್ದ ಸ್ಕ್ಯಾಂಡಿನೇವಿಯಾ ಪ್ರವಾಸವನ್ನು ಪೂರೈಸುವ ಹೊಣೆ ಪೇಜ್ ಅವರ ಮೇಲೆ ಬಿತ್ತು. ಅವರು ಪ್ಲಾಂಟ್, ಜೋನ್ಸ್ ಮತ್ತು ಬಾನಮ್ ಅವರನ್ನು ಕೂಡಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳಲ್ಲಿ ಕಛೇರಿಗಳನ್ನು ನೀಡಿದರು. ಆಗ ತಂಡದ ಹೆಸರು ನ್ಯೂ ಯಾರ್ಡ್‌ಬರ್ಡ್ಸ್ ಎಂದಿತ್ತು. ಹಿಂದಿರುಗಿದ ಮೇಲೆ ಲೆಡ್ ಝೆಪೆಲಿನ್ ಎಂದಾಯಿತು.

ಪೇಜ್ ಮತ್ತು ಜೋನ್ಸ್ ಇಬ್ಬರೂ ಲಂಡನ್ನಿನ ಧ್ವನಿಮುದ್ರಣ ಕೇಂದ್ರಗಳಲ್ಲಿ ವರ್ಷಗಟ್ಟಲೆ ಬೇರೆಯವರ ಹಾಡುಗಳಿಗೆ ವಾದ್ಯ ನುಡಿಸಿ ಪಳಗಿದವರು. ಪ್ಲಾಂಟ್ ಮತ್ತು ಬಾನಮ್ ಇಂಗ್ಲೆಂಡಿನ ಮಧ್ಯಭಾಗದ ಪ್ರಾಂತ್ಯದಿಂದ ಬಂದವರು. ಅವರು ಲಂಡನ್ನಿನ ಹೊರಗೆ ಹೆಚ್ಚು ಪರಿಚಿತರಾಗಿದ್ದರು.

ಧ್ವನಿಮುದ್ರಣ

1968ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋಸ್‌ನಲ್ಲಿ ಸಂಪುಟದ ಧ್ವನಿಮುದ್ರಣ ನಡೆಯಿತು. ಗ್ಲಿನ್ ಜಾನ್ಸ್ ಧ್ವನಿಮುದ್ರಣದ ಎಂಜಿನಿಯರ್ ಆಗಿದ್ದರು. ಬಿಡಿಬಿಡಿಯಾಗಿ ಹಲವು ದಿನಗಳಲ್ಲಿ ನಡೆದ ಈ ಕೆಲಸಕ್ಕೆ ಒಟ್ಟು ಸುಮಾರು 36 ಗಂಟೆಗಳು ಹಿಡಿದವೆಂದೂ, ಹೊದಿಕೆಯ ಚಿತ್ರವೂ ಸೇರಿದಂತೆ 1,782 ಪೌಂಡ್ ಖರ್ಚಾಯಿತೆಂದೂ ಪೇಜ್ ಹೇಳಿದ್ದಾರೆ. ಆಗಿನ್ನೂ ಯಾವ ಕಂಪನಿಯೊಡನೆಯೂ ಒಪ್ಪಂದವಾಗಿರಲಿಲ್ಲ. ವೆಚ್ಚವನ್ನು ಪೇಜ್ ಮತ್ತು ವ್ಯವಸ್ಥಾಪಕ ಪೀಟರ್ ಗ್ರ್ಯಾಂಟ್ ಅವರೇ ಭರಿಸಿದ್ದರಿಂದ ಹೊರಗಿನವರ ಹಸ್ತಕ್ಷೇಪಕ್ಕೆ ಅವಕಾಶವಿರಲಿಲ್ಲ.

ಪ್ರವಾಸದ ವೇಳೆ ವೇದಿಕೆಯ ಮೇಲೆ ನುಡಿಸಿ ರೂಢಿಯಾಗಿದ್ದ ಹಾಡುಗಳನ್ನೇ ಬಹುಮಟ್ಟಿಗೆ ಮುದ್ರಿಸಿಕೊಂಡದ್ದು ಈ ವೇಗಕ್ಕೆ ಕಾರಣ. ಮೈಕ್ರೊಫೋನನ್ನು ವಾದ್ಯದ ಹತ್ತಿರ ಮಾತ್ರವಲ್ಲದೆ ದೂರದಲ್ಲಿಯೂ ಇರಿಸಿ ಕೋಣೆಯ ಅನುರಣನವನ್ನೂ ಸೆರೆಹಿಡಿಯುವುದು ಪೇಜ್ ಅವರ ಕ್ರಮವಾಗಿತ್ತು. ಡ್ರಮ್ ವಾದನಕ್ಕೆ ದೊರೆತ ವಿಶಾಲವಾದ ನಾದವು ಸಂಪುಟದ ಗುರುತಾಯಿತು. 'ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್' ಹಾಡಿನಲ್ಲಿ ಬಾನಮ್ ಒಂದೇ ಪೆಡಲಿನಿಂದ ಮೂಡಿಸಿದ ತ್ವರಿತ ತ್ರಿವಳಿ ಪೆಟ್ಟುಗಳನ್ನು ಡ್ರಮ್ ವಾದಕರು ಇಂದಿಗೂ ಅಭ್ಯಾಸ ಮಾಡುತ್ತಾರೆ. 'ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್' ಹಾಡಿನಲ್ಲಿ ಪೇಜ್ ಪಿಟೀಲಿನ ಕಮಾನಿನಿಂದ ಗಿಟಾರ್ ತಂತಿಗಳನ್ನು ನುಡಿಸಿದ್ದಾರೆ. 'ಬ್ಲ್ಯಾಕ್ ಮೌಂಟನ್ ಸೈಡ್' ಎಂಬ ವಾದ್ಯರಚನೆಯಲ್ಲಿ ಭಾರತೀಯ ಮೂಲದ ವಿರಾಮ್ ಜಸಾನಿ ತಬಲಾ ನುಡಿಸಿದ್ದಾರೆ. ನಾಲ್ವರು ಸದಸ್ಯರ ಹೊರತಾಗಿ ಸಂಪುಟದಲ್ಲಿ ಕೇಳಿಬರುವ ಹೊರಗಿನ ವಾದನ ಇದೊಂದೇ.

ಹಾಡುಗಳು ಮತ್ತು ಮೊದಲ ಮುದ್ರಣದ ಕರ್ತೃನಾಮಗಳು

ಮುಂದೆ ವಿವರಿಸಲಾಗುವ ಕರ್ತೃತ್ವದ ವಿವಾದವನ್ನು ಅರಿಯಲು 1969ರ ಮುದ್ರಣದಲ್ಲಿ ಯಾರ ಹೆಸರುಗಳಿದ್ದವು ಎಂಬುದು ಮುಖ್ಯ.

1. ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್: ಪೇಜ್, ಜೋನ್ಸ್, ಬಾನಮ್
2. ಬೇಬ್ ಐ ಆಮ್ ಗೊನ ಲೀವ್ ಯು: ಸಾಂಪ್ರದಾಯಿಕ, ಅಳವಡಿಕೆ ಪೇಜ್
3. ಯು ಶುಕ್ ಮಿ: ವಿಲ್ಲಿ ಡಿಕ್ಸನ್
4. ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್: ಪೇಜ್
5. ಯುವರ್ ಟೈಮ್ ಈಸ್ ಗೊನ ಕಮ್: ಪೇಜ್, ಜೋನ್ಸ್
6. ಬ್ಲ್ಯಾಕ್ ಮೌಂಟನ್ ಸೈಡ್: ಪೇಜ್
7. ಕಮ್ಯೂನಿಕೇಶನ್ ಬ್ರೇಕ್‌ಡೌನ್: ಪೇಜ್, ಜೋನ್ಸ್, ಬಾನಮ್
8. ಐ ಕಾಂಟ್ ಕ್ವಿಟ್ ಯು ಬೇಬಿ: ವಿಲ್ಲಿ ಡಿಕ್ಸನ್
9. ಹೌ ಮೆನಿ ಮೋರ್ ಟೈಮ್ಸ್: ಪೇಜ್, ಜೋನ್ಸ್, ಬಾನಮ್

ಪ್ಲಾಂಟ್ ಅವರ ಹೆಸರು ಎಲ್ಲಿಯೂ ಇಲ್ಲ. ಅವರು ಈ ಹಿಂದೆ ಸಿಬಿಎಸ್ ರೆಕಾರ್ಡ್ಸ್‌ನೊಡನೆ ಮಾಡಿಕೊಂಡಿದ್ದ ಒಪ್ಪಂದ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕೊನೆಯ ಹಾಡು ಎಂಟು ನಿಮಿಷ ಮೀರಿದ್ದರೂ ಹೊದಿಕೆಯ ಮೇಲೆ ಮೂರೂವರೆ ನಿಮಿಷವೆಂದು ನಮೂದಾಗಿತ್ತು. ದೀರ್ಘವಾದ ಹಾಡುಗಳನ್ನು ಪ್ರಸಾರ ಮಾಡಲು ಹಿಂಜರಿಯುತ್ತಿದ್ದ ಬಾನುಲಿ ಕೇಂದ್ರಗಳನ್ನು ಗಮನದಲ್ಲಿಟ್ಟುಕೊಂಡು ಹೀಗೆ ಮಾಡಲಾಯಿತು.

ಬಿಡುಗಡೆಯ ಕಾಲದ ಪ್ರತಿಕ್ರಿಯೆ

ಅಮೆರಿಕದ ಪತ್ರಿಕೆಗಳು

1968ರ ನವೆಂಬರ್‌ನಲ್ಲಿ ಅಟ್ಲಾಂಟಿಕ್ ಸಂಸ್ಥೆಯು ತಂಡದೊಡನೆ ಒಪ್ಪಂದ ಮಾಡಿಕೊಂಡು ಒಂದು ಲಕ್ಷ ಡಾಲರಿಗೂ ಮಿಕ್ಕಿದ ಮುಂಗಡವನ್ನು ನೀಡಿತು. ಹೊಸ ವಾದ್ಯವೃಂದವೊಂದಕ್ಕೆ ಆ ಕಾಲದಲ್ಲಿ ಇದು ಅಸಾಧಾರಣ ಮೊತ್ತ. ಒಂದು ಹಾಡೂ ಮಾರುಕಟ್ಟೆಗೆ ಬರುವ ಮುನ್ನವೇ ಈ ಸುದ್ದಿ ಹಬ್ಬಿತು. ವಾಣಿಜ್ಯದ ಹಿಡಿತದಿಂದ ರಾಕ್ ಸಂಗೀತವು ಹೊರಗಿರಬೇಕೆಂದು ಬಯಸುತ್ತಿದ್ದ ಅಂದಿನ ಪತ್ರಿಕೆಗಳ ಬರಹಗಾರರಲ್ಲಿ ಇದು ಸಂಶಯವನ್ನು ಮೂಡಿಸಿತು.

ಆಗ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಡುತ್ತಿದ್ದ 'ರೋಲಿಂಗ್ ಸ್ಟೋನ್' ಪತ್ರಿಕೆಯು 1969ರ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿದ ಜಾನ್ ಮೆಂಡೆಲ್ಸನ್ ಅವರ ವಿಮರ್ಶೆಯು ಪ್ರತಿಕೂಲ ಅಭಿಪ್ರಾಯಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಅವರ ವಾದದಲ್ಲಿ ಮೂರು ಅಂಶಗಳಿದ್ದವು. ಮೊದಲನೆಯದು, ಜೆಫ್ ಬೆಕ್ ಗ್ರೂಪ್ ಕೆಲವೇ ತಿಂಗಳ ಹಿಂದೆ ಇಷ್ಟೇ ಚೆನ್ನಾಗಿ ಅಥವಾ ಇದಕ್ಕಿಂತ ಚೆನ್ನಾಗಿ ಮಾಡಿ ತೋರಿಸಿದ್ದನ್ನು ಬಿಟ್ಟು ಈ ತಂಡವು ಹೊಸದನ್ನೇನೂ ಹೆಚ್ಚಾಗಿ ನೀಡಿಲ್ಲ. ಎರಡನೆಯದು, ಪೇಜ್ ಬ್ಲೂಸ್ ಗಿಟಾರ್ ವಾದನದಲ್ಲಿ ಅಸಾಮಾನ್ಯ ನಿಪುಣರಾದರೂ ನಿರ್ಮಾಪಕರಾಗಿ ಅವರ ಶಕ್ತಿ ಸೀಮಿತ. ಅವರ ರಚನೆಗಳು ದುರ್ಬಲವಾದವು. ಮೂರನೆಯದು, ಪ್ಲಾಂಟ್ ಅವರ ಗಾಯನವು ಬೆಕ್ ತಂಡದ ಗಾಯಕ ರಾಡ್ ಸ್ಟೂವರ್ಟ್ ಅವರ ಗಾಯನದಷ್ಟು ರೋಮಾಂಚಕವಾಗಿಲ್ಲ.

ಬೆಕ್ ಅವರೊಡನೆ ಮಾಡಿದ ಹೋಲಿಕೆಗೆ ಆಧಾರವಿತ್ತು. ಜೆಫ್ ಬೆಕ್ ಅವರ 'ಟ್ರೂತ್' ಸಂಪುಟವು 1968ರಲ್ಲಿ ಹೊರಬಂದಿತ್ತು. 'ಯು ಶುಕ್ ಮಿ' ಹಾಡು ಅದರಲ್ಲಿಯೂ ಇತ್ತು. ಆ ಮುದ್ರಣದಲ್ಲಿ ಆರ್ಗನ್ ನುಡಿಸಿದವರು ಜಾನ್ ಪಾಲ್ ಜೋನ್ಸ್ ಅವರೇ. ಬೆಕ್ ಅವರು ಆ ಹಾಡನ್ನು ಮುದ್ರಿಸಿದ್ದು ತಮಗೆ ತಿಳಿದಿರಲಿಲ್ಲವೆಂದು ಪೇಜ್ ಹೇಳಿದ್ದಾರೆ. ಇನ್ನೊಂದು ಕಡೆ, ಇಬ್ಬರ ಸಂಗೀತಕ್ಕೂ ಬೇರು ಒಂದೇ ಆಗಿತ್ತು ಎಂಬುದನ್ನೂ ಗಮನಿಸಬೇಕು. 'ಟ್ರೂತ್' ಸಂಪುಟದಲ್ಲಿರುವ 'ಬೆಕ್ಸ್ ಬೊಲೆರೊ' ಎಂಬ ರಚನೆಗೆ ಕರ್ತೃವಾಗಿ ನಮೂದಾಗಿರುವವರು ಪೇಜ್. 1966ರಲ್ಲಿ ನಡೆದ ಅದರ ಮುದ್ರಣದಲ್ಲಿ ಪೇಜ್ ಮತ್ತು ಜೋನ್ಸ್ ಇಬ್ಬರೂ ಪಾಲ್ಗೊಂಡಿದ್ದರು.

ಬ್ರಿಟನ್ನಿನ ಪತ್ರಿಕೆಗಳು

ಬ್ರಿಟನ್ನಿನಲ್ಲಿ ಪ್ರತಿಕ್ರಿಯೆ ಹೆಚ್ಚು ಅನುಕೂಲಕರವಾಗಿತ್ತು. 'ಓಝ್' ಪತ್ರಿಕೆಯಲ್ಲಿ ಫೆಲಿಕ್ಸ್ ಡೆನಿಸ್ ಬರೆದ ವಿಮರ್ಶೆಯು ಈ ಸಂಪುಟವನ್ನು ರಾಕ್ ಸಂಗೀತದ ಒಂದು ತಿರುವೆಂದು ಗುರುತಿಸಿತು. ಸುಲಭವಾಗಿ ವರ್ಗೀಕರಿಸಲಾಗದ ಅಪರೂಪದ ಕೃತಿಗಳ ಸಾಲಿಗೆ ಸೇರಿಸಿತು. 'ಮೆಲಡಿ ಮೇಕರ್' ವಾರಪತ್ರಿಕೆಯಲ್ಲಿ ಕ್ರಿಸ್ ವೆಲ್ಚ್ ಉತ್ಸಾಹದಿಂದ ಸ್ವಾಗತಿಸಿದರು. ಯಾರ್ಡ್‌ಬರ್ಡ್ಸ್ ತಂಡದ ಛಾಯೆಯಿಂದ ಪೇಜ್ ಹೊರಬಂದಿದ್ದಾರೆಂಬ ಭಾವನೆಯು ಇಂತಹ ಬರಹಗಳಲ್ಲಿ ಕಾಣುತ್ತದೆ.

ಸಹಕಲಾವಿದರ ಅಭಿಪ್ರಾಯ

ಸಂಗೀತಗಾರರಲ್ಲಿಯೂ ಒಮ್ಮತವಿರಲಿಲ್ಲ. ಬಿಡುಗಡೆಗೆ ಮುನ್ನ ತಾವು ಈ ಧ್ವನಿಮುದ್ರಣವನ್ನು ಮಿಕ್ ಜ್ಯಾಗರ್ ಮತ್ತು ಜಾರ್ಜ್ ಹ್ಯಾರಿಸನ್ ಅವರಿಗೆ ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿಸಿದುದಾಗಿಯೂ ಇಬ್ಬರಿಗೂ ಅದು ಹಿಡಿಸಲಿಲ್ಲವೆಂದೂ ಎಂಜಿನಿಯರ್ ಗ್ಲಿನ್ ಜಾನ್ಸ್ ನೆನಪಿಸಿಕೊಂಡಿದ್ದಾರೆ. ಜಾನ್ಸ್ ಅವರಿಗೆ ಮಾತ್ರ ತಾವು ಮುದ್ರಿಸಿದ ಅತ್ಯುತ್ತಮ ಸಂಗೀತಗಳಲ್ಲಿ ಅದು ಒಂದೆಂಬ ನಂಬಿಕೆಯಿತ್ತು.

ಕೇಳುಗರ ತೀರ್ಪು

ವಿಮರ್ಶಕರ ಅಭಿಪ್ರಾಯಕ್ಕೂ ಕೇಳುಗರ ಅಭಿಪ್ರಾಯಕ್ಕೂ ನಡುವಿನ ಅಂತರವು ಅಮೆರಿಕದಲ್ಲಿ ಎದ್ದು ಕಾಣುತ್ತಿತ್ತು. ತಂಡವು 1968ರ ಡಿಸೆಂಬರ್ 26ರಂದು ಡೆನ್ವರ್ ನಗರದಲ್ಲಿ ತನ್ನ ಮೊದಲ ಅಮೆರಿಕನ್ ಪ್ರವಾಸವನ್ನು ಆರಂಭಿಸಿತು. ಕ್ರೀಮ್ ತಂಡವು ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ವಿದಾಯದ ಕಛೇರಿ ನೀಡಿತ್ತು. ಗಟ್ಟಿಯಾದ, ದೀರ್ಘವಾದ ಬ್ಲೂಸ್ ರಾಕ್ ವಾದನವನ್ನು ಬಯಸುತ್ತಿದ್ದ ಕೇಳುಗರಿಗೆ ಹೊಸ ತಂಡವೊಂದು ಬೇಕಾಗಿತ್ತು. ಎಫ್‌ಎಂ ಬಾನುಲಿ ಕೇಂದ್ರಗಳು ಹಾಡುಗಳನ್ನು ಪ್ರಸಾರ ಮಾಡಿದವು. ಕಛೇರಿಗಳ ಖ್ಯಾತಿ ಬಾಯಿಂದ ಬಾಯಿಗೆ ಹಬ್ಬಿತು. ಸಂಪುಟವು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 10ನೆಯ ಸ್ಥಾನವನ್ನೂ ಬ್ರಿಟನ್ನಿನ ಪಟ್ಟಿಯಲ್ಲಿ 6ನೆಯ ಸ್ಥಾನವನ್ನೂ ತಲುಪಿತು ಹಾಗೂ ಎರಡೂ ದೇಶಗಳ ಪಟ್ಟಿಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ಈ ಅಂತರದ ಪರಿಣಾಮ ದೀರ್ಘಕಾಲದ್ದಾಗಿತ್ತು. ತಂಡವು ಪತ್ರಿಕೆಗಳ ವಿಷಯದಲ್ಲಿ, ವಿಶೇಷವಾಗಿ 'ರೋಲಿಂಗ್ ಸ್ಟೋನ್' ವಿಷಯದಲ್ಲಿ ಕಹಿಯನ್ನು ಬೆಳೆಸಿಕೊಂಡಿತು. ಆ ಪತ್ರಿಕೆಯ ಮುಖಪುಟದಲ್ಲಿ ತಂಡವು ಕಾಣಿಸಿಕೊಂಡದ್ದು ಆರು ವರ್ಷಗಳ ನಂತರ, 1975ರ ಮಾರ್ಚ್‌ನಲ್ಲಿ. ಆ ಸಂದರ್ಶನವನ್ನು ನಡೆಸಿದವರು ಆಗಿನ್ನೂ ಹದಿಹರೆಯದಲ್ಲಿದ್ದ, ಮುಂದೆ ಚಲನಚಿತ್ರ ನಿರ್ದೇಶಕರಾದ ಕ್ಯಾಮರನ್ ಕ್ರೋ.

ನಂತರದ ಮರುಮೌಲ್ಯಮಾಪನ

1970ರ ದಶಕದ ನಂತರ ಸಂಪುಟದ ಸ್ಥಾನವು ಕ್ರಮೇಣ ಬದಲಾಯಿತು. ಮೊದಲು ದೋಷವೆಂದು ಎಣಿಸಲಾಗಿದ್ದ ಗುಣಗಳನ್ನೇ ಅನಂತರದ ವಿಮರ್ಶಕರು ಅದರ ಕೊಡುಗೆಯೆಂದು ಕಂಡರು. ಬ್ಲೂಸ್ ರಚನೆಗಳನ್ನು ಹಿಗ್ಗಿಸಿದ್ದು, ಧ್ವನಿಯ ಭಾರ, ಮೆಲುದನಿ ಮತ್ತು ಅಬ್ಬರಗಳ ನಡುವಿನ ದಿಢೀರ್ ಬದಲಾವಣೆ ಇವೆಲ್ಲವೂ ಹಾರ್ಡ್ ರಾಕ್ ಎಂಬ ಪ್ರಕಾರದ ವ್ಯಾಕರಣವಾಗಿ ಪರಿಣಮಿಸಿದವು. ಆಲ್‌ಮ್ಯೂಸಿಕ್ ತಾಣದಲ್ಲಿ ಸ್ಟೀಫನ್ ಥಾಮಸ್ ಅರ್ಲ್‌ವೈನ್ ಈ ಸಂಪುಟವನ್ನು ಹಾರ್ಡ್ ರಾಕ್ ಮತ್ತು ಹೆವಿ ಮೆಟಲ್ ಪ್ರಕಾರಗಳ ವಿಕಾಸದಲ್ಲಿ ಮಹತ್ವದ ತಿರುವೆಂದು ಪರಿಗಣಿಸಿದ್ದಾರೆ. ಪಂಕ್ ತಂಡವಾದ ರಮೋನ್ಸ್‌ನ ಗಿಟಾರ್ ವಾದಕ ಜಾನಿ ರಮೋನ್, 'ಕಮ್ಯೂನಿಕೇಶನ್ ಬ್ರೇಕ್‌ಡೌನ್' ಹಾಡನ್ನು ನುಡಿಸುತ್ತ ತಮ್ಮ ವೇಗದ ಕೆಳಮೀಟಿನ ಶೈಲಿಯನ್ನು ರೂಢಿಸಿಕೊಂಡುದಾಗಿ ಹೇಳಿದ್ದಾರೆ.

2004ರಲ್ಲಿ ಸಂಪುಟವು ಗ್ರ್ಯಾಮಿ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾಯಿತು. ಮೊದಲು ಇದನ್ನು ತಿರಸ್ಕರಿಸಿದ್ದ 'ರೋಲಿಂಗ್ ಸ್ಟೋನ್' ಪತ್ರಿಕೆಯೇ 2003ರ ತನ್ನ 500 ಶ್ರೇಷ್ಠ ಸಂಪುಟಗಳ ಪಟ್ಟಿಯಲ್ಲಿ ಇದಕ್ಕೆ 29ನೆಯ ಸ್ಥಾನ ನೀಡಿತು. ಆದರೆ ಹೊಸ ತಲೆಮಾರಿನ ಹಾಗೂ ಬೇರೆ ಬೇರೆ ಸಂಗೀತ ಪ್ರಕಾರಗಳ ಮತದಾರರು ಸೇರಿದ 2020ರ ಪಟ್ಟಿಯಲ್ಲಿ ಅದು 101ನೆಯ ಸ್ಥಾನಕ್ಕೆ ಇಳಿಯಿತು. ಇಂತಹ ಶ್ರೇಯಾಂಕಗಳು ಆಯಾ ಕಾಲದ ಅಭಿರುಚಿಯನ್ನು ಸೂಚಿಸುತ್ತವೆಯೇ ಹೊರತು ಅಂತಿಮ ತೀರ್ಪನ್ನಲ್ಲ.

ಪ್ರಕಾರದ ಕುರಿತ ಭಿನ್ನಮತ

ಸಂಪುಟವನ್ನು ಹೆವಿ ಮೆಟಲ್ ಪ್ರಕಾರದ ಆರಂಭವೆನ್ನಬಹುದೇ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಧ್ವನಿಯ ತೂಕ ಮತ್ತು ಗಿಟಾರ್ ಪಲ್ಲವಿಗಳ ಪ್ರಾಧಾನ್ಯವನ್ನು ಗಮನಿಸುವವರು ಹೌದೆನ್ನುತ್ತಾರೆ. ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸ್ಯಾಬತ್ ತಂಡವು 1970ರ ಫೆಬ್ರವರಿಯಲ್ಲಿ ಹೊರತಂದ ಚೊಚ್ಚಲ ಸಂಪುಟದಲ್ಲಿಯೇ ಆ ಪ್ರಕಾರವು ಸ್ಪಷ್ಟ ರೂಪ ತಳೆಯಿತೆಂದು ಇತರರು ವಾದಿಸುತ್ತಾರೆ. ಲೆಡ್ ಝೆಪೆಲಿನ್ ಸದಸ್ಯರು ಈ ಹಣೆಪಟ್ಟಿಯನ್ನು ಒಪ್ಪಲಿಲ್ಲ. ಬೆಳಕು ಮತ್ತು ನೆರಳುಗಳ ಬೆಸುಗೆಯೇ ತಮ್ಮ ಉದ್ದೇಶವೆಂದು ಪೇಜ್ ಪದೇ ಪದೇ ಹೇಳಿದ್ದಾರೆ. ಒಂಬತ್ತು ಹಾಡುಗಳಲ್ಲಿ ಒಂದು ಅಕೂಸ್ಟಿಕ್ ಗಿಟಾರ್ ವಾದನ, ಇನ್ನೊಂದು ಆರ್ಗನ್ ವಾದನದಿಂದ ಆರಂಭವಾಗುವ ರಚನೆ, ಮತ್ತೊಂದು ಜಾನಪದ ಗೀತೆಯ ಮಾದರಿಯದು ಆಗಿರುವುದು ಈ ಮಾತಿಗೆ ಪೂರಕವಾಗಿದೆ.

ಕರ್ತೃತ್ವದ ವಿವಾದ

ಬ್ಲೂಸ್ ಹಾಗೂ ಜಾನಪದ ಸಂಗೀತದಲ್ಲಿ ಸಾಲುಗಳು, ಸ್ವರಸರಣಿಗಳು ಮತ್ತು ಇಡೀ ಪದ್ಯಗಳು ಗಾಯಕರಿಂದ ಗಾಯಕರಿಗೆ ಸಾಗುವುದು ಸಹಜ ಪದ್ಧತಿ. ಧ್ವನಿಮುದ್ರಿಕೆಯ ವ್ಯವಹಾರದಲ್ಲಿ ಹಾಗಲ್ಲ. ಹೊದಿಕೆಯ ಮೇಲೆ ಯಾರ ಹೆಸರಿದೆಯೋ ರಾಯಧನವು ಅವರಿಗೆ ಸಲ್ಲುತ್ತದೆ. ಲಕ್ಷಾಂತರ ಪ್ರತಿಗಳು ಮಾರಾಟವಾದ ಸಂಪುಟವೊಂದರಲ್ಲಿ ಒಂದು ಹೆಸರು ಬಿಟ್ಟುಹೋದರೆ ಅದು ಕೇವಲ ಗೌರವದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಈ ಸಂಪುಟದ ಕೆಳಗಿನ ರಚನೆಗಳು ಚರ್ಚೆಗೆ ಒಳಗಾಗಿವೆ.

ಬೇಬ್ ಐ ಆಮ್ ಗೊನ ಲೀವ್ ಯು: ಜೋನ್ ಬಯೆಝ್ ಅವರ 1962ರ ಕಛೇರಿ ಸಂಪುಟದಿಂದ ಪೇಜ್ ಈ ಹಾಡನ್ನು ಕಲಿತರು. ಅಲ್ಲಿ ಇದು ಸಾಂಪ್ರದಾಯಿಕ ಗೀತೆಯೆಂದು ನಮೂದಾಗಿದ್ದುದರಿಂದ ಲೆಡ್ ಝೆಪೆಲಿನ್ ಸಂಪುಟವೂ ಹಾಗೆಯೇ ನಮೂದಿಸಿತು. ವಾಸ್ತವವಾಗಿ ಇದನ್ನು ರಚಿಸಿದವರು ಕ್ಯಾಲಿಫೋರ್ನಿಯಾದ ಆ್ಯನ್ ಬ್ರೆಡನ್. ರಚನೆಯ ಕಾಲ 1950ರ ದಶಕದ ಕೊನೆ. ತಮ್ಮ ಹಾಡು ಇಷ್ಟು ಪ್ರಸಿದ್ಧವಾಗಿರುವುದು 1980ರ ದಶಕದವರೆಗೆ ಅವರ ಗಮನಕ್ಕೇ ಬಂದಿರಲಿಲ್ಲ. 1990ರಿಂದ ಅವರ ಹೆಸರನ್ನು ಪೇಜ್ ಮತ್ತು ಪ್ಲಾಂಟ್ ಅವರ ಹೆಸರುಗಳೊಂದಿಗೆ ಮುದ್ರಿಸಲಾಗುತ್ತಿದೆ. ಬಾಕಿ ರಾಯಧನವೂ ಸಂದಾಯವಾಯಿತು. ಉದ್ದೇಶಪೂರ್ವಕವಲ್ಲದ ತಪ್ಪೊಂದು ಸರಿಪಡಿಕೆಯಾದ ನಿದರ್ಶನವಾಗಿ ಇದನ್ನು ಉಲ್ಲೇಖಿಸಲಾಗುತ್ತದೆ.

ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್: ಅಮೆರಿಕದ ಗಾಯಕ ಜೇಕ್ ಹೋಮ್ಸ್ ಇದೇ ಹೆಸರಿನ ಹಾಡನ್ನು 1967ರ ತಮ್ಮ ಸಂಪುಟದಲ್ಲಿ ಮುದ್ರಿಸಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅವರು ಯಾರ್ಡ್‌ಬರ್ಡ್ಸ್ ಕಛೇರಿಗೆ ಮುನ್ನ ಹಾಡಿದರು. ಬಳಿಕ ಯಾರ್ಡ್‌ಬರ್ಡ್ಸ್ ತಂಡವು ಈ ಹಾಡಿನ ತನ್ನದೇ ಅಳವಡಿಕೆಯನ್ನು ವೇದಿಕೆಯಲ್ಲಿ ನುಡಿಸತೊಡಗಿತು. ಮೆಟ್ಟಿಲುಗಳಂತೆ ಕೆಳಗಿಳಿಯುವ ಬಾಸ್ ಸ್ವರಸರಣಿ ಮತ್ತು ಶೀರ್ಷಿಕೆ ಎರಡರಲ್ಲಿಯೂ ಸಮಾನ. ಬಹುತೇಕ ಸಾಹಿತ್ಯ, ಕಮಾನಿನ ವಾದನ ಮತ್ತು ನಡುವಿನ ವೇಗದ ಭಾಗ ಹೋಮ್ಸ್ ಅವರ ಹಾಡಿನಲ್ಲಿಲ್ಲ. ಹೋಮ್ಸ್ 2010ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. ಉಭಯಪಕ್ಷಗಳೂ ರಾಜಿ ಮಾಡಿಕೊಂಡ ಮೇಲೆ 2012ರ ಆರಂಭದಲ್ಲಿ ಪ್ರಕರಣವು ಮುಕ್ತಾಯವಾಯಿತು. ರಾಜಿಯ ವಿವರಗಳು ಬಹಿರಂಗವಾಗಲಿಲ್ಲ. ಅದೇ ವರ್ಷ ಹೊರಬಂದ 'ಸೆಲೆಬ್ರೇಶನ್ ಡೇ' ಸಂಪುಟದಲ್ಲಿ ಈ ಹಾಡಿಗೆ ಪೇಜ್ ಅವರ ಹೆಸರಿನ ಜೊತೆಗೆ ಜೇಕ್ ಹೋಮ್ಸ್ ಅವರಿಂದ ಪ್ರೇರಿತ ಎಂಬ ಒಕ್ಕಣೆ ಸೇರಿತು. ಮೂಲ ಹಾಡು ಹೊರಬಂದ 45 ವರ್ಷಗಳ ನಂತರ ಈ ಒಕ್ಕಣೆ ಕಾಣಿಸಿಕೊಂಡಿತು. ಸಹಕರ್ತೃ ಎನ್ನದೆ ಪ್ರೇರಣೆ ಎಂದು ಮಾತ್ರ ಸೂಚಿಸಿರುವುದು ಸಾಕೇ ಎಂಬ ಬಗ್ಗೆ ಅಭಿಪ್ರಾಯಭೇದವಿದೆ.

ಬ್ಲ್ಯಾಕ್ ಮೌಂಟನ್ ಸೈಡ್: 'ಬ್ಲ್ಯಾಕ್‌ವಾಟರ್‌ಸೈಡ್' ಎಂಬ ಸಾಂಪ್ರದಾಯಿಕ ಗೀತೆಗೆ ಸ್ಕಾಟ್ಲೆಂಡಿನ ಗಿಟಾರ್ ವಾದಕ ಬರ್ಟ್ ಜ್ಯಾನ್ಶ್ ರೂಪಿಸಿದ ಅಳವಡಿಕೆಯನ್ನು ಈ ರಚನೆಯು ಬಹಳ ಹತ್ತಿರದಿಂದ ಅನುಸರಿಸುತ್ತದೆ. ಜ್ಯಾನ್ಶ್ ಅದನ್ನು 1966ರ 'ಜ್ಯಾಕ್ ಒರಾಯನ್' ಸಂಪುಟದಲ್ಲಿ ನುಡಿಸಿದ್ದರು. ಹಾಡನ್ನು ಅವರು ಕಲಿತದ್ದು ಜಾನಪದ ಗಾಯಕಿ ಆ್ಯನ್ ಬ್ರಿಗ್ಸ್ ಅವರಿಂದ. ಜ್ಯಾನ್ಶ್ ಅವರ ಧ್ವನಿಮುದ್ರಣ ಸಂಸ್ಥೆಯು ಕಾನೂನು ಸಲಹೆ ಪಡೆದರೂ ಮೊಕದ್ದಮೆ ಹೂಡಲಿಲ್ಲ. ಮೂಲ ರಾಗವು ಯಾರೊಬ್ಬರ ಸ್ವತ್ತೂ ಆಗಿರದ ಕಾರಣ, ಅಳವಡಿಕೆಯ ಮೇಲಿನ ಹಕ್ಕನ್ನು ಸಾಧಿಸುವುದು ಕಷ್ಟವಾಗಿತ್ತು. ಗಿಟಾರ್ ತಂತಿಗಳನ್ನು ಡಿ ಎ ಡಿ ಜಿ ಎ ಡಿ ಎಂಬ ಕ್ರಮದಲ್ಲಿ ಶ್ರುತಿಗೊಳಿಸಿರುವುದು ಮತ್ತು ತಬಲಾ ಸೇರಿಸಿರುವುದು ಪೇಜ್ ಅವರ ಆವೃತ್ತಿಗೆ ಭಿನ್ನ ಬಣ್ಣವನ್ನು ಕೊಟ್ಟಿವೆ. ಇಂದಿಗೂ ಕರ್ತೃವಾಗಿ ಪೇಜ್ ಒಬ್ಬರ ಹೆಸರೇ ಇದೆ.

ಹೌ ಮೆನಿ ಮೋರ್ ಟೈಮ್ಸ್: ಹೌಲಿನ್ ವುಲ್ಫ್ ಅವರ 1951ರ 'ಹೌ ಮೆನಿ ಮೋರ್ ಇಯರ್ಸ್' ಹಾಡಿನ ಛಾಯೆಯು ಶೀರ್ಷಿಕೆಯಿಂದಲೇ ವ್ಯಕ್ತವಾಗುತ್ತದೆ. ನಡುವೆ ಆಲ್ಬರ್ಟ್ ಕಿಂಗ್ ಹಾಡಿ ಪ್ರಸಿದ್ಧಗೊಳಿಸಿದ 'ದಿ ಹಂಟರ್' ಹಾಡಿನ ಭಾಗವೂ ಬರುತ್ತದೆ. 1969ರ ಮುದ್ರಣದಲ್ಲಿ ಈ ಎರಡೂ ಮೂಲಗಳ ಉಲ್ಲೇಖವಿಲ್ಲ.

ಡಿಕ್ಸನ್ ಅವರ ಹಾಡುಗಳು: ಮಡ್ಡಿ ವಾಟರ್ಸ್ 1962ರಲ್ಲಿ ಮುದ್ರಿಸಿದ 'ಯು ಶುಕ್ ಮಿ' ಮತ್ತು ಓಟಿಸ್ ರಶ್ 1956ರಲ್ಲಿ ಮುದ್ರಿಸಿದ 'ಐ ಕಾಂಟ್ ಕ್ವಿಟ್ ಯು ಬೇಬಿ' ಹಾಡುಗಳಿಗೆ ಮೊದಲಿನಿಂದಲೂ ವಿಲ್ಲಿ ಡಿಕ್ಸನ್ ಅವರ ಹೆಸರನ್ನು ನೀಡಲಾಗಿತ್ತು. 'ಯು ಶುಕ್ ಮಿ' ಹಾಡಿಗೆ ಜೆ. ಬಿ. ಲೆನೊರ್ ಅವರ ಹೆಸರನ್ನು ಅನಂತರ ಸೇರಿಸಲಾಯಿತು. ತಂಡವು ಮೂಲ ಕರ್ತೃಗಳನ್ನು ಎಲ್ಲೆಡೆಯೂ ಮರೆಮಾಚಿತೆಂಬ ಆರೋಪಕ್ಕೆ ಈ ಎರಡು ಹಾಡುಗಳು ಅಪವಾದ. ಆದರೆ ಎರಡನೆಯ ಸಂಪುಟದ 'ಹೋಲ್ ಲಾಟ ಲವ್' ಹಾಡಿನ ವಿಷಯವಾಗಿ ಇದೇ ಡಿಕ್ಸನ್ 1985ರಲ್ಲಿ ಮೊಕದ್ದಮೆ ಹೂಡಬೇಕಾಯಿತು. ಆ ಪ್ರಕರಣವು ರಾಜಿಯಲ್ಲಿ ಕೊನೆಗೊಂಡಿತು.

ವಾದ ಮತ್ತು ಪ್ರತಿವಾದ

ತಂಡವನ್ನು ಟೀಕಿಸುವವರ ವಾದವು ಮುಖ್ಯವಾಗಿ ಅಸಮಾನತೆಯನ್ನು ಕುರಿತದ್ದು. ಹಾಡುಗಳು ಕೈಯಿಂದ ಕೈಗೆ ಸಾಗುವ ಪದ್ಧತಿಯು ಬ್ಲೂಸ್ ಕಲಾವಿದರ ನಡುವೆ ಸರಿಸುಮಾರು ಸಮಾನರ ವಿನಿಮಯವಾಗಿತ್ತು. ಬ್ರಿಟನ್ನಿನ ಬಿಳಿಯ ಯುವಕರ ತಂಡವು ಅದೇ ಸಾಮಗ್ರಿಯನ್ನು ಬಳಸಿ ಪಡೆದ ಸಂಪತ್ತಿಗೂ ಷಿಕಾಗೋದ ಕರಿಯ ಕಲಾವಿದರು ಪಡೆದ ಪ್ರತಿಫಲಕ್ಕೂ ಹೋಲಿಕೆಯಿರಲಿಲ್ಲ. ಡಿಕ್ಸನ್ ಸ್ವತಃ ತಮ್ಮ ಹಾಡುಗಳ ಹಕ್ಕುಗಳನ್ನು ಮರಳಿ ಪಡೆಯಲು ವರ್ಷಗಟ್ಟಲೆ ಹೋರಾಡಿದರು. ಇತರ ಬ್ಲೂಸ್ ಕಲಾವಿದರಿಗೆ ನೆರವಾಗಲೆಂದು ಅವರು ಬ್ಲೂಸ್ ಹೆವನ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಈ ಹಿನ್ನೆಲೆಯಲ್ಲಿ ಹೆಸರನ್ನು ಕೈಬಿಡುವುದು ಸಂಪ್ರದಾಯದ ಮುಂದುವರಿಕೆಯಲ್ಲ, ಅದರ ದುರುಪಯೋಗ ಎಂಬುದು ಟೀಕಾಕಾರರ ನಿಲುವು.

ಸಮರ್ಥಕರು ರೂಪಾಂತರದ ಕಡೆಗೆ ಗಮನ ಸೆಳೆಯುತ್ತಾರೆ. ಸಂಗೀತ ವಿದ್ವಾಂಸ ಡೇವ್ ಹೆಡ್‌ಲಮ್ ಅವರು 1995ರ ಪ್ರಬಂಧವೊಂದರಲ್ಲಿ ಲೆಡ್ ಝೆಪೆಲಿನ್ ಸಂಗೀತದ ಕರ್ತೃತ್ವದ ಪ್ರಶ್ನೆಯನ್ನು ಚರ್ಚಿಸಿ, ಮೂಲ ಹಾಡುಗಳನ್ನು ತಂಡವು ತನ್ನ ವಿಶಿಷ್ಟ ಶೈಲಿಯಲ್ಲಿ ಮರುರೂಪಿಸಿದ ಬಗೆಯನ್ನು ವಿಶ್ಲೇಷಿಸಿದ್ದಾರೆ. ಸೂಸನ್ ಫಾಸ್ಟ್ ಅವರ 2001ರ ಅಧ್ಯಯನ ಗ್ರಂಥವು ತಂಡದ ಸಂಗೀತವನ್ನು ಅದರ ವೇದಿಕೆಯ ಪ್ರದರ್ಶನ ಹಾಗೂ ಅಭಿಮಾನಿಗಳ ಅನುಭವದೊಂದಿಗೆ ಪರಿಶೀಲಿಸುತ್ತದೆ. ಪೇಜ್ ಅವರೇ 1990ರ ದಶಕದ ಸಂದರ್ಶನವೊಂದರಲ್ಲಿ, ತಾವು ಬಳಸಿಕೊಂಡ ಎಲ್ಲದಕ್ಕೂ ಹೊಸದನ್ನು ಸೇರಿಸಲು ಯತ್ನಿಸುತ್ತಿದ್ದುದಾಗಿಯೂ ತೊಂದರೆ ಬಂದದ್ದು ಹೆಚ್ಚಾಗಿ ಬದಲಾಯಿಸದೆ ಉಳಿದ ಸಾಹಿತ್ಯದಿಂದಾಗಿಯೂ ಹೇಳಿದ್ದಾರೆ.

ಈ ಎರಡು ವಾದಗಳು ಪರಸ್ಪರ ಖಂಡಿಸುವಂಥವಲ್ಲ. ಒಂದು ಹಾಡು ಗುರುತಿಸಲಾಗದಷ್ಟು ರೂಪಾಂತರಗೊಂಡಿದ್ದರೂ ಅದರ ಮೂಲವನ್ನು ಹೆಸರಿಸಬೇಕಾದ ಹೊಣೆ ಉಳಿಯುತ್ತದೆ. ಮೂಲವನ್ನು ಹೆಸರಿಸದ ಮಾತ್ರಕ್ಕೆ ರೂಪಾಂತರದ ಸತ್ವವು ಇಲ್ಲವಾಗುವುದಿಲ್ಲ. ಮೊದಲನೆಯ ವಿವಾದದಲ್ಲಿ ವಿಮರ್ಶಕರ ಅಭಿಪ್ರಾಯವು ಬದಲಾದಂತೆ ಎರಡನೆಯದರ ತೀರ್ಮಾನವೂ ತಾನಾಗಿ ಆಯಿತೆಂದು ಭಾವಿಸಲು ಬರುವುದಿಲ್ಲ.

ಹೊದಿಕೆಯ ಚಿತ್ರ

ಹೊದಿಕೆಯ ಮುಂಭಾಗದಲ್ಲಿ ಜರ್ಮನಿಯ ವಾಯುನೌಕೆ ಹಿಂಡೆನ್‌ಬರ್ಗ್ 1937ರ ಮೇ 6ರಂದು ಅಮೆರಿಕದ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಹೊತ್ತಿ ಉರಿಯುತ್ತಿರುವ ದೃಶ್ಯವಿದೆ. ಸ್ಯಾಮ್ ಶೇರ್ ತೆಗೆದ ಛಾಯಾಚಿತ್ರವನ್ನು ಆಧರಿಸಿ ಜಾರ್ಜ್ ಹಾರ್ಡಿ ಇದನ್ನು ಮಸಿಯ ಚುಕ್ಕೆಗಳಲ್ಲಿ ಬಿಡಿಸಿದರು. ಮೂವತ್ತೈದಕ್ಕೂ ಹೆಚ್ಚು ಜನ ಮಡಿದ ದುರಂತವನ್ನು ಹೀಗೆ ಬಳಸಿಕೊಂಡುದಕ್ಕೆ ಆಕ್ಷೇಪಗಳೂ ಬಂದವು. ವಾಯುನೌಕೆಯ ನಿರ್ಮಾತೃ ಫರ್ಡಿನಂಡ್ ಫಾನ್ ಝೆಪೆಲಿನ್ ಅವರ ವಂಶಸ್ಥೆಯೆಂದು ಹೇಳಿಕೊಂಡ ಈವಾ ಫಾನ್ ಝೆಪೆಲಿನ್, ತಮ್ಮ ಮನೆತನದ ಹೆಸರನ್ನು ಬಳಸಿದರೆ ಕಾನೂನು ಕ್ರಮ ಕೈಗೊಳ್ಳುವುದಾಗಿ ಎಚ್ಚರಿಸಿದರು. ಇದರ ಫಲವಾಗಿ 1970ರ ಫೆಬ್ರವರಿ 28ರಂದು ಕೋಪನ್‌ಹೇಗನ್‌ನಲ್ಲಿ ತಂಡವು ದಿ ನಾಬ್ಸ್ ಎಂಬ ಹೆಸರಿನಲ್ಲಿ ಕಛೇರಿ ನೀಡಿತು.

ಮರುಬಿಡುಗಡೆ ಮತ್ತು ಇಂದಿನ ಸ್ಥಿತಿ

2014ರ ಜೂನ್‌ನಲ್ಲಿ ಪೇಜ್ ಅವರ ಮೇಲ್ವಿಚಾರಣೆಯಲ್ಲಿ ಪರಿಷ್ಕರಿಸಿದ ಆವೃತ್ತಿಯು ಹೊರಬಂದಿತು. 1969ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಒಲಿಂಪಿಯಾ ರಂಗಮಂದಿರದಲ್ಲಿ ನಡೆದ ಕಛೇರಿಯ ಧ್ವನಿಮುದ್ರಣವನ್ನು ಅದರೊಂದಿಗೆ ಸೇರಿಸಲಾಗಿದೆ. ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡುಗಳು ಒಂದೇ ವರ್ಷದಲ್ಲಿ ವೇದಿಕೆಯ ಮೇಲೆ ಎಷ್ಟು ಹಿಗ್ಗಿದ್ದವೆಂಬುದನ್ನು ಇದರಿಂದ ತಿಳಿಯಬಹುದು. 1969ರಲ್ಲಿ ಕೆಲವರಿಗೆ ಅತಿರೇಕವಾಗಿ ತೋರಿದ ಗುಣವು ಕೇಳುಗರನ್ನು ಸೆಳೆದ ಬಗೆಯನ್ನೂ ಅದು ತೋರಿಸುತ್ತದೆ.

ಕರ್ತೃನಾಮಗಳ ಮಟ್ಟಿಗೆ ಹೇಳುವುದಾದರೆ, 1969ರ ಪಟ್ಟಿಗೆ ಬ್ರೆಡನ್, ಲೆನೊರ್ ಮತ್ತು ಹೋಮ್ಸ್ ಅವರ ಹೆಸರುಗಳು ಅನಂತರ ಸೇರಿವೆ. ಜ್ಯಾನ್ಶ್ ಅವರ ಹೆಸರು ಸೇರಿಲ್ಲ. ಅವರು 2011ರಲ್ಲಿ ನಿಧನರಾದರು.